ಗ್ಯಾಸ್ ಹೋಗಿದೆ ಸರ್

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ಊರಿನ ಹವೆಯ ಬಗ್ಗೆ ಒಂದು ಜಂಬ ಇರುತ್ತದೆ. ಮದರಾಸಿನಿಂದ ನೆಂಟರು ಬಂದರೆ, ಗಾಳಿಯನ್ನು ನಾವೇ ತಯಾರಿಸಿದ್ದೇವೇನೋ ಎಂಬಂತೆ ಕಿಟಕಿ ತೆರೆದು ತೋರಿಸುತ್ತಿದ್ದೆವು. ಬಸವನಗುಡಿಯ ನಮ್ಮ ಮನೆಯ ನಡುಮನೆಯಲ್ಲಿ ಸೂರಿಗೆ ಕೊಕ್ಕೆಯಿತ್ತು, ಫ್ಯಾನ್ ಇರಲಿಲ್ಲ. ಆ ಕೊಕ್ಕೆಯಲ್ಲಿ ತಮ್ಮನ ತೊಟ್ಟಿಲು ತೂಗಿತು, ಆಮೇಲೆ ಬಾಳೆಗೊನೆ ನೇತಾಡಿತು. ‘ಹವಾನಿಯಂತ್ರಿತ’ ಎಂಬ ಬೋರ್ಡು ಕಾಣುತ್ತಿದ್ದದ್ದು ದೊಡ್ಡ ಟಾಕೀಸುಗಳ ಮುಂದೆ ಮಾತ್ರ. ಒಳಗೆ ಹೋಗಿ ಬಂದ ನಾವು ಮನೆಯಲ್ಲಿ ಸಿನಿಮಾದ ಕತೆಗಿಂತ ಒಳಗಿನ ಚಳಿಯನ್ನೇ ಹೆಚ್ಚು ವರ್ಣಿಸುತ್ತಿದ್ದೆವು.

ಇಂಥ ಹಿನ್ನೆಲೆಯ ನಾನು 2024ರ ಏಪ್ರಿಲ್‌ನಲ್ಲಿ ಎ.ಸಿ. ಕೊಂಡೆ. ಆ ತಿಂಗಳು ಊರಿಗೆ ಮಳೆ ಬೀಳಲಿಲ್ಲ. ಬಿಸಿಲು 38 ಡಿಗ್ರಿ ದಾಟಿತು. ಬೋರ್‌ವೆಲ್‌ಗಳು ಬತ್ತಿ, ನೀರಿನ ಟ್ಯಾಂಕರಿನವನಿಗೆ ಇಡೀ ಬೀದಿ ಕೈಮುಗಿಯುತ್ತಿತ್ತು. ಎಂಬತ್ತು ದಾಟಿದ ಅಮ್ಮ ರಾತ್ರಿ ಒದ್ದೆ ಪಂಚೆ ಹೊದ್ದು ಮಲಗಿ, “ಈ ಊರಿಗೆ ಏನು ಬಂತೋ?” ಎನ್ನುತ್ತಿದ್ದಳು. ಏನು ಬಂತೆಂದು ನನಗೆ ಗೊತ್ತಿತ್ತು. ಎ.ಸಿ. ತಂದರೆ ಅದು ಇನ್ನಷ್ಟು ಬರುತ್ತದೆ ಎಂಬುದೂ ಗೊತ್ತಿತ್ತು. ಮೀನಮೇಷ ಎಣಿಸುತ್ತಿದ್ದಾಗ ಮಗಳು ಒಂದೇ ಮಾತು ಕೇಳಿದಳು: “ಅಜ್ಜೀನ ಬೇಯಿಸಿ ಭೂಮೀನ ತಣ್ಣಗೆ ಮಾಡ್ತೀಯೇನಪ್ಪಾ?” ಅಂದೇ ಸಂಜೆ ಅಂಗಡಿಗೆ ಹೋದೆ.

ಈ ಯಂತ್ರ ಹುಟ್ಟಿದ್ದು ಯಾರ ಅಮ್ಮನಿಗಾಗಿಯೂ ಅಲ್ಲ, ಕಾಗದಕ್ಕಾಗಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವವನ್ನು ಹದದಲ್ಲಿಡಲು ವಿಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದರ ಎಂಜಿನಿಯರ್ 1902ರ ಜುಲೈನಲ್ಲಿ ನಕ್ಷೆ ಬರೆದ. ಅದೇ ವರ್ಷ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅಲ್ಲೊಬ್ಬ ತಂಪು ಮಾಡುವ ಯಂತ್ರ ಬರೆದ, ಇಲ್ಲಿ ಹೊಗೆಯಿಲ್ಲದ ಕರೆಂಟು ಹರಿಯಿತು. ಇವೆರಡೇ ಜೊತೆಯಾಗಿದ್ದರೆ ನಾನು ಈ ಪ್ರಬಂಧ ಬರೆಯುವ ಅಗತ್ಯ ಬರುತ್ತಿರಲಿಲ್ಲ.

ಊರು ಬೆಳೆದಂತೆ ನದಿಯ ನೀರು ಸಾಲದಾಯಿತು. 1985ರಿಂದ ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣೆಯ ದಡದ ಮೇಲೆ ಕಲ್ಲಿದ್ದಲು ಉರಿಯುತ್ತಿದೆ. ಪಾವಗಡದ ಬಯಲಿನಲ್ಲಿ 2,000 ಮೆಗಾವಾಟಿನ ಸೌರ ಫಲಕಗಳು ಹಾಸಿಕೊಂಡಿವೆ, ನಿಜ. ಆದರೆ ಅಮ್ಮ ಎ.ಸಿ. ಹಾಕಿಸಿಕೊಳ್ಳುವುದು ರಾತ್ರಿ ಊಟವಾದ ಮೇಲೆ. ಆ ಹೊತ್ತಿಗೆ ಪಾವಗಡದ ಸೂರ್ಯ ಮುಳುಗಿರುತ್ತಾನೆ. ರಾಯಚೂರಿನವರು ನಲವತ್ತು ಡಿಗ್ರಿಯಲ್ಲಿ ಬೆಂದು, ಹಾರುಬೂದಿ ಕುಡಿದು, ಬೆಂಗಳೂರಿನ ಕೋಣೆಯೊಂದನ್ನು ತಣ್ಣಗಿಡುತ್ತಾರೆ. ಕರೆಂಟಿನ ಬಿಲ್ಲಿನಲ್ಲಿ ಈ ಬಾಬ್ತಿಗೆ ಕಾಲಮ್ಮು ಇಲ್ಲ.

ಮರುವರ್ಷದ ಬೇಸಿಗೆಗೆ ಎ.ಸಿ. ಬರೀ ಗಾಳಿ ಊದತೊಡಗಿತು. ಬಂದ ಮೆಕ್ಯಾನಿಕ್ ಹುಡುಗ ಔಟ್‌ಡೋರ್ ಯೂನಿಟ್ಟಿಗೆ ಗೇಜು ಸಿಕ್ಕಿಸಿ, “ಗ್ಯಾಸ್ ಹೋಗಿದೆ ಸರ್, ತುಂಬಿಸ್ಬೇಕು” ಎಂದ.

“ಹೋಗಿದ್ದು ಎಲ್ಲಿಗಪ್ಪ?”

“ಎಲ್ಲಿಗೆ ಅಂದ್ರೆ? ಗಾಳಿಗೆ ಸರ್.”

ಯೂನಿಟ್ಟಿನ ಚೀಟಿಯ ಮೇಲೆ ಆರ್-32 ಎಂದು ಬರೆದಿತ್ತು. ಈ ಅನಿಲ ಒಂದು ಕಿಲೋ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ. ಹುಡುಗನಿಗೆ ಅದನ್ನು ವಿವರಿಸಿದೆ. “ಹಳೇದಕ್ಕಿಂತ ಇದು ಒಳ್ಳೇ ಗ್ಯಾಸೇ ಸರ್” ಎಂದು ನನ್ನನ್ನೇ ಸಮಾಧಾನ ಮಾಡಿದ. ಅವನು ಹೇಳಿದ್ದು ಸುಳ್ಳಲ್ಲ.

ಮೊದಮೊದಲು ತಂಪುಪೆಟ್ಟಿಗೆಗಳಲ್ಲಿದ್ದದ್ದು ಅಮೋನಿಯಾ, ಗಂಧಕದ ಡೈಆಕ್ಸೈಡ್. ಸೋರಿದರೆ ಮನೆಮಂದಿಯ ಪ್ರಾಣಕ್ಕೇ ಕುತ್ತು. 1928ರಲ್ಲಿ ಅಮೆರಿಕದ ಎಂಜಿನಿಯರ್ ಥಾಮಸ್ ಮಿಜ್ಲಿಯ ತಂಡ ವಿಷವಲ್ಲದ, ಹೊತ್ತಿಕೊಳ್ಳದ ಫ್ರಿಯಾನ್ ಕಂಡುಹಿಡಿಯಿತು. ಒಂದು ಸಭೆಯಲ್ಲಿ ಮಿಜ್ಲಿ ಅದನ್ನು ತಾನೇ ಎಳೆದುಕೊಂಡು, ಉಸಿರು ಬಿಟ್ಟು ಮೇಣದಬತ್ತಿ ಆರಿಸಿ ತೋರಿಸಿದ. ಪೆಟ್ರೋಲಿಗೆ ಸೀಸ ಬೆರೆಸಿದ ಮಹಾನುಭಾವನೂ ಇವನೇ. 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್ ಈ ಬಗೆಯ ಅನಿಲಗಳು ಓಝೋನ್ ಪದರವನ್ನು ತಿನ್ನುತ್ತವೆ ಎಂದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ಬಡಕಲಾಗಿರುವುದು ಪತ್ತೆಯಾಯಿತು. ಎರಡೇ ವರ್ಷದಲ್ಲಿ, 1987ರಲ್ಲಿ, ಮಾಂಟ್ರಿಯಲ್ ಒಪ್ಪಂದ ಸಿದ್ಧವಾಯಿತು. ಮುಂದೆ ಜಗತ್ತಿನ ಎಲ್ಲ ದೇಶಗಳೂ ಅದಕ್ಕೆ ಸೇರಿದವು. ಓಝೋನ್ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಮನುಷ್ಯ ಜಾತಿಯೇ ಇಷ್ಟು, ಯಾವತ್ತೂ ಬುದ್ಧಿ ಕಲಿಯುವುದಿಲ್ಲ ಎಂದು ಯಾರಾದರೂ ಕೈಚೆಲ್ಲಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಕಲಿಯುತ್ತಾನೆ. ಕಲ್ಲಿದ್ದಲು, ಎಣ್ಣೆಯ ವಿಷಯಕ್ಕೆ ಬಂದಾಗ ಮಾತ್ರ ಕಿವಿ ಮಂದವಾಗುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಕಾದೀತು ಎಂದು ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ, ಎ.ಸಿ. ಹುಟ್ಟುವ ಮೊದಲೇ. ಕಾವು ಶುರುವಾಗಿದೆ ಎಂದು ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿಯೆದುರು ಹೇಳಿದ್ದು 1988ರಲ್ಲಿ. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಗಳು 1995ರಲ್ಲಿ ಬರ್ಲಿನ್‌ನಿಂದ ಆರಂಭವಾದವು. ಅವುಗಳ ನಿರ್ಣಯದಲ್ಲಿ ಕಲ್ಲಿದ್ದಲು ಎಂದು ಬಾಯಿಬಿಟ್ಟು ಹೇಳಿದ್ದು 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ. ನಮ್ಮಜ್ಜಿ ತಾತನ ಹೆಸರು ಹೇಳುತ್ತಿರಲಿಲ್ಲ. ತೀರಾ ಒತ್ತಾಯ ಮಾಡಿದರೆ ಒಗಟಿನಲ್ಲಿ ಹುದುಗಿಸಿ ನಾಚಿಕೊಂಡು ಹೇಳುತ್ತಿದ್ದಳು. ದೇಶದೇಶಗಳ ಮಂತ್ರಿಗಳು ಇಪ್ಪತ್ತಾರು ವರ್ಷ ಕಲ್ಲಿದ್ದಲಿನ ಮುಂದೆ ಹಾಗೆಯೇ ನಾಚಿದರು. ಇತ್ತ 1990ರಲ್ಲಿ ವರ್ಷಕ್ಕೆ ಸುಮಾರು 2,200 ಕೋಟಿ ಟನ್ ಇದ್ದ ಕಲ್ಲಿದ್ದಲು, ಎಣ್ಣೆ, ಅನಿಲಗಳ ಇಂಗಾಲದ ಹೊಗೆ 2023ಕ್ಕೆ 3,700 ಕೋಟಿ ದಾಟಿತು.

ಈ ಮಧ್ಯೆ ಪಾಪಪ್ರಜ್ಞೆಯನ್ನು ಮನೆಮನೆಗೆ ಹಂಚಲಾಯಿತು. ನಿಮ್ಮ ‘ಇಂಗಾಲದ ಹೆಜ್ಜೆಗುರುತು’ ಎಷ್ಟು ಎಂದು ಎರಡು ದಶಕದ ಹಿಂದೆ ಜಾಹೀರಾತು ಕೊಟ್ಟು ಜನರನ್ನು ಕೇಳಿದ್ದು ಬಿಪಿ ಎಂಬ ತೈಲ ಕಂಪನಿ! ಅಮೆರಿಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ ಎ.ಸಿ. ಇದೆ, ನಮ್ಮ ದೇಶದಲ್ಲಿ ಹತ್ತರಲ್ಲಿ ಒಂದರಲ್ಲಿದ್ದರೆ ಹೆಚ್ಚು. ಆದರೂ ರಾತ್ರಿ ರಿಮೋಟ್ ಒತ್ತುವಾಗ ನನ್ನ ಬೆರಳು ತಡವರಿಸುತ್ತದೆ. ತಡವರಿಸಿ ಒತ್ತುತ್ತದೆ. ನನ್ನ ತಡವರಿಕೆಯಿಂದ ಶಕ್ತಿನಗರದಲ್ಲಿ ಒಂದು ಬೊಗಸೆ ಕಲ್ಲಿದ್ದಲೂ ಉಳಿದಿಲ್ಲ.

ಉಳಿಸಿದ್ದು ಬೇರೆ. ಈ ದೇಶದಲ್ಲಿ ಮಾರುವ ರೂಮ್ ಎ.ಸಿ.ಗಳು ಹಾಕಿದ ಕೂಡಲೇ 24 ಡಿಗ್ರಿಗೆ ನಿಲ್ಲಬೇಕೆಂದು 2020ರಿಂದ ನಿಯಮವಿದೆ. ನಮ್ಮನೆಯಲ್ಲಿ ಅದನ್ನು ಇಳಿಸುವ ಗೋಜಿಗೆ ಯಾರೂ ಹೋಗಿಲ್ಲ. ಅಮ್ಮನಿಗಂತೂ ಆ ಗುಂಡಿ ಕಾಣಿಸುವುದೂ ಇಲ್ಲ. ನನ್ನ ಪಶ್ಚಾತ್ತಾಪದ ಕೈಲಾಗದ್ದನ್ನು ದೆಹಲಿಯ ಒಂದು ಅಧಿಸೂಚನೆ ಸದ್ದಿಲ್ಲದೆ ಮಾಡಿತು.

ಹುಡುಗ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದ ಕಡೆ ನಟ್ಟು ಬಿಗಿಮಾಡಿ, ಗ್ಯಾಸ್ ತುಂಬಿಸಿ ಹೋದ. ಎಷ್ಟೋ ಕಡೆ ಸೋರುವ ಜಾಗ ಹುಡುಕದೆ ಪ್ರತಿ ಬೇಸಿಗೆಯೂ ತುಂಬಿಸಿ ಹೋಗುತ್ತಾರೆ. ನಿಮ್ಮ ಮನೆಗೆ ಬಂದವನಿಗೆ ಮೊದಲು ಸೋರಿಕೆ ಮುಚ್ಚಲು ಹೇಳಿ, ದುಡ್ಡೂ ಉಳಿಯುತ್ತದೆ.

ಆ ಅನಿಲಕ್ಕಾದರೂ ಒಂದು ಗಡುವಿದೆ. 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿಯಾಯಿತು. ಅದರಂತೆ, ಓಝೋನ್ ತಿನ್ನದಿದ್ದರೂ ಭೂಮಿಯನ್ನು ಕಾಯಿಸುವ ಆರ್-32ರಂಥ ಅನಿಲಗಳನ್ನು ಭಾರತ 2032ರಿಂದ ಕಡಿಮೆ ಮಾಡುತ್ತಾ ಬಂದು 2047ರ ಹೊತ್ತಿಗೆ ಶೇ. 85ರಷ್ಟು ಇಳಿಸಬೇಕು. ದೇಶದ ಕಲ್ಲಿದ್ದಲನ್ನು ಯಾವ ವರ್ಷ ನಿಲ್ಲಿಸುತ್ತೇವೆ ಎಂಬ ತಾರೀಖನ್ನು ಇನ್ನೂ ಯಾವ ಕಾಗದದ ಮೇಲೂ ಬರೆದಿಲ್ಲ.