ವಸ್ತಿ

ರಾತ್ರಿ ತಂಗುವುದಕ್ಕೆ ಯಾದಗಿರಿ ಸೀಮೆಯವರು ‘ವಸ್ತಿ’ ಅನ್ನುತ್ತಾರೆ. ಸಂಜೆ ಹಳ್ಳಿಗೆ ಬಂದು, ರಾತ್ರಿ ಅಲ್ಲೇ ನಿಂತು, ನಸುಕಿನಲ್ಲಿ ಪೇಟೆಗೆ ಮರಳುವ ಬಸ್ಸು ವಸ್ತಿ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಅಂದಿನ ಮಟ್ಟಿಗೆ ಊರಿನ ನೆಂಟರು. ಕಳೆದ ಬೇಸಿಗೆ ರಜೆಯಲ್ಲಿ ನಾನು, ಹೆಂಡತಿ, ಮಗಳು ಅಂಥದೇ ಬಸ್ಸು ಹಿಡಿದು ಸುರಪುರದಾಚೆಯ ಒಂದು ಹಳ್ಳಿಗೆ ಹೋದೆವು. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ಮಗಳಿಗೆ ತೋರಿಸಿದ್ದೆ. ಮುಂದೆ ಬಸ್ಸಿನಲ್ಲಿ ಅವಳೂ ಅದೇ ಭಂಗಿಯಲ್ಲಿ ನಿದ್ದೆಹೋದಳು.

ಕರೆದದ್ದು ಒಬ್ಬ ಗೌಂಡಿಯ ತಾಯಿ. ಬೆಂಗಳೂರಿನ ನಮ್ಮ ಬೀದಿಯಲ್ಲಿ ಮನೆ ಕಟ್ಟುವಾಗ ಆತ ಹೆಂಡತಿ, ಮಗುವಿನೊಂದಿಗೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ವರ್ಷ ಇದ್ದ. ನಾವು ಕುಡಿಯುವ ನೀರು ಕೊಡುತ್ತಿದ್ದೆವು. ಅಷ್ಟಕ್ಕೇ ಆ ತಾಯಿ ಫೋನಿನಲ್ಲಿ, “ನಮ್ಮೂರಿಗೆ ಬರ್ರಿ, ವಸ್ತಿ ಮಾಡ್ರಿ” ಅಂದಿದ್ದಳು.

ಹೋದ ಕೂಡಲೇ ಕಾಲಿಗೆ ನೀರು, ಕೈಗೆ ಮಜ್ಜಿಗೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಮಗಳು ಎರಡನೇ ರೊಟ್ಟಿ ಕೇಳಿದಾಗ ಮುದುಕಿಯ ಮುಖ ನೋಡಬೇಕಿತ್ತು. ಹಗಲೆಲ್ಲ ಕಾದ ಕಲ್ಲಿನ ಮನೆಯೊಳಗೆ ಮಲಗುವುದು ಆಗದ ಮಾತು. ಮಾಳಿಗೆ ಮೇಲೆ ಕೌದಿ ಹಾಸಿದರು. ಸುತ್ತಲ ಮಾಳಿಗೆಗಳ ಮೇಲೂ ಜನ. ಒಬ್ಬರ ಮಾತಿಗೆ ಇನ್ನೊಂದು ಮಾಳಿಗೆಯಿಂದ ಉತ್ತರ ಬರುತ್ತಿತ್ತು. ಕತ್ತಲಲ್ಲಿ ಇಡೀ ಓಣಿಯೇ ಒಂದು ಮನೆಯಾಗಿತ್ತು.

ಈ ನೆಲದಲ್ಲಿ ವಸ್ತಿ ಮಾಡಿದವರ ಲೆಕ್ಕ ಬಹಳ ಹಿಂದಕ್ಕೆ ಹೋಗುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಇಲ್ಲಿನ ಹುಣಸಗಿ ಕಣಿವೆಯಲ್ಲಿ ದಶಕಗಟ್ಟಲೆ ಹುಡುಕಾಡಿದರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ಕಲ್ಲಿತ್ತು, ನೀರಿತ್ತು, ಜನ ಉಳಿದರು. ಇದೇ ಸೀಮೆಯ ರಾಜನಕೋಳೂರಿನ ಶಿಲಾಸಮಾಧಿಗಳನ್ನು ಜನ ಮೋರೇರೆಂಬ ಕುಳ್ಳರ ಮನೆಗಳೆಂದೇ ತಿಳಿದಿದ್ದರು. ಸತ್ತವರ ಕಲ್ಲುಗಳಲ್ಲೂ ಅವರು ಕಂಡದ್ದು ಮನೆಯನ್ನೇ. ಆ ಕಲ್ಲುಗಳ ಬಗ್ಗೆ ಬರೆದ ಮೆಡೋಸ್ ಟೇಲರ್ 1841ರಲ್ಲಿ ಬ್ರಿಟಿಷರ ಅಧಿಕಾರಿಯಾಗಿ ಸುರಪುರಕ್ಕೆ ಬಂದವನು. 1853ರವರೆಗೆ ಉಳಿದ. ಗುಡ್ಡದ ಮೇಲೆ ಅವನ ಹೆಸರಿನ ಮಂಜಿಲ್ ಇನ್ನೂ ಇದೆ.

ಮಾಳಿಗೆ ಮೇಲೆ ಮಲಗಿ ಥಾಯ್ಲೆಂಡಿನ ಹಳ್ಳಿಗಳನ್ನು ನೆನೆದೆ. ಚಿಯಾಂಗ್ ಮಾಯ್ ಕಡೆಯ ಮೇ ಕಂಪಾಂಗ್ ಹಳ್ಳಿಯವರು ಪ್ರವಾಸಿಗರನ್ನು ಮನೆಗಳಲ್ಲೇ ಉಳಿಸಿಕೊಂಡು ಹೆಸರಾಗಿದ್ದಾರೆ. ಆ ದೇಶದ ಈಶಾನ್ಯ ಸೀಮೆಯಲ್ಲಿ ಬಂದವರ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿ ಹರಸುವ ವಾಡಿಕೆ. ಪಯಣದಲ್ಲಿ ಚದುರಿದ ಜೀವಚೈತನ್ಯ ಮೈಗೆ ಮರಳಲಿ ಎಂದು. ಸುರಪುರದ ಹಳ್ಳಿಗಳಿಗೂ ಹಾಗೆ ಜನ ಬರಲಿ, ದುಡಿಮೆ ರೊಟ್ಟಿ ಬಡಿದವಳ ಕೈಗೇ ಸೇರಲಿ, ಗುಳೆ ಹೋದವರಲ್ಲಿ ಒಂದಿಷ್ಟು ಜನವಾದರೂ ಮನೆಗೆ ಮರಳಲಿ ಎಂಬುದು ನನ್ನ ಆಸೆ.

ಆದರೆ ಮರುದಿನ ನಾನೇ ಹಣ ಮುಂದೆ ಹಿಡಿದಾಗ ಮುದುಕಿ ನನ್ನ ಕೈ ಸರಿಸಿದಳು. “ರೊಕ್ಕ ಕೊಟ್ರ ಲೆಕ್ಕ ಮುಗೀತಲ್ಲೋ ಯಪ್ಪಾ. ಮತ್ತ ಹ್ಯಾಂಗ ಬರ್ತೀರಿ?” ಅಂದಳು. ನನ್ನ ಹೆಂಡತಿಯನ್ನು ಮಣೆ ಮೇಲೆ ಕೂಡಿಸಿ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಒಂದು ಗುಳೇದಗುಡ್ಡ ಖಣ. ಆಮೇಲೆ ಉಡಿಯಿಂದ ನಾಲ್ಕು ಕಾಳು ತಿರುಗಿ ತಟ್ಟೆಗೆ ಹಾಕಿಸಿಕೊಂಡಳು. ಮಗನಿಗೆಂದು ಕಟಕ ರೊಟ್ಟಿಯ ಗಂಟನ್ನು ನನ್ನ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಆ ಗಂಟು ನನ್ನ ತೊಡೆಯ ಮೇಲಿತ್ತು. ವರ್ಷವಿಡೀ ನಮ್ಮ ಗೇಟಿನಾಚೆ ನಿಂತು ಕೊಡ ತುಂಬಿಸಿಕೊಂಡು ಹೋದವನ ಮನೆಯಲ್ಲಿ ನಾವು ಉಂಡು ಮಲಗಿ ಬಂದಿದ್ದೆವು. ಒಂದು ದಿನವೂ ಅವನನ್ನು ನಾವು ಒಳಗೆ ಕರೆದಿರಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಗಿದೆ.

ಬೆಂಗಳೂರು ಮುಟ್ಟಿದ ದಿನವೇ ಅವನಿಗೆ ಫೋನ್ ಮಾಡಿದೆ. “ಸೈಟಿಗೆ ತಂದುಕೊಡಬ್ಯಾಡ್ರಿ ಸಾರ್, ನಾನಽ ಗೇಟಿಗೆ ಬಂದು ಇಸ್ಕೋತೀನಿ” ಅಂದ.

“ಗೇಟಿಗಲ್ಲಪ್ಪಾ. ಶನಿವಾರ ಸಂಜೆ ಹೆಂಡತಿ, ಮಗುವನ್ನೂ ಕರಕೊಂಡು ಬಾ. ವಸ್ತಿ ಇಲ್ಲೇ.”

ಸ್ವಲ್ಪ ಹೊತ್ತು ಆ ಕಡೆಯಿಂದ ಕಾಂಕ್ರೀಟ್ ಮಿಕ್ಸರಿನ ಸದ್ದಷ್ಟೇ ಕೇಳಿತು.

“ಆತ್ರಿ,” ಅಂದ. “ಬರ್ತೀವಿ.”