ಬ್ರೆಡ್ಡು, ಫ್ರೀಜರು ಮತ್ತು ಅವ್ವ

ಕಳೆದ ಜುಲೈನಲ್ಲಿ ಅವ್ವನಿಗೆ ಎರಡು ದಿನ ವಾಂತಿ, ಹೊಟ್ಟೆನೋವು. ಏನು ತಿಂದಿದ್ದಿರಿ ಎಂದು ಡಾಕ್ಟರು ಎಷ್ಟು ಸಲ ಕೇಳಿದರೂ ಅವಳದು ಒಂದೇ ಉತ್ತರ: "ಏನಿಲ್ರೀ, ಚಾ ಕುಡದೀನಿ, ರೊಟ್ಟಿ ತಿಂದೀನಿ." ಮನೆಗೆ ಬಂದ ಮೇಲೆ ಆರು ವರ್ಷದ ಮಗಳು ಗುಟ್ಟು ಬಿಟ್ಟುಕೊಟ್ಟಳು: "ಅಜ್ಜಿ ಬ್ರೆಡ್ ಮೇಲಿನ ಹಸಿರು ಕೆರೆದು ಚಹಾದಲ್ಲಿ ಅದ್ದಿ ತಿಂತಾಳೆ ಪಪ್ಪಾ."

ಅವ್ವನ ಸೀರೆಗಳ ಹಿಂದೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಅದರೊಳಗೆ ಹಿಂದಿನ ವಾರ ನಾನೇ "ಒಗದುಬಿಡವ್ವ" ಎಂದು ಹೇಳಿದ್ದ ಅರ್ಧ ಪ್ಯಾಕೆಟ್ ಬ್ರೆಡ್ಡು ಇತ್ತು. ಹೊಟ್ಟೆ ಕೆಟ್ಟಿದ್ದು ಅದರಿಂದಲೇ ಎಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಆದರೆ ಆ ಡಬ್ಬಿ ನೋಡಿ ನನಗೆ ಸಿಟ್ಟು ಬಂತು, ಗಟ್ಟಿಯಾಗಿಯೇ ಕೂಗಾಡಿದೆ. ಅವ್ವ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಹೇಳಿದಳು: "ತಿನ್ನೂ ಪದಾರ್ಥ ಒಗಿಯಾಕ ನನಗ ಕೈ ಬರಂಗಿಲ್ಲೋ ತಮ್ಮಾ. ನೀ ಎರಡು ತರೂದ್ಯಾಕ, ಒಂದು ಒಗಿಯೂದ್ಯಾಕ?"

1972ರ ಬರ ಬಂದಾಗ ಅವಳಿಗೆ ಹತ್ತು ವರ್ಷ. ಇಳಕಲ್ ಹತ್ತಿರದ ನಮ್ಮೂರಿನಲ್ಲಿ ಆಗ ರೊಟ್ಟಿಯನ್ನು ಎಣಿಸಿ ಕೊಡುತ್ತಿದ್ದರಂತೆ. ಅಂಥವಳ ಮುಂದೆ, ಒಂದಕ್ಕೊಂದು ಫ್ರೀ ಇದೆ ಎಂದು ನಾನು ಪ್ರತಿ ಶನಿವಾರ ಎರಡು ಪ್ಯಾಕೆಟ್ ತರುತ್ತಿದ್ದೆ. ಗುರುವಾರದ ಹೊತ್ತಿಗೆ ಎರಡನೆಯದು ಕಸದ ಬುಟ್ಟಿ ಸೇರುತ್ತಿತ್ತು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಆಫೀಸಿನಲ್ಲಿ ಏನಾದರೂ ಕೆಟ್ಟರೆ ಮೂಲ ಕಾರಣ ಹುಡುಕಿ ವರದಿ ಬರೆಯುವುದು ನನ್ನ ಕೆಲಸ. ಮನೆಯ ಬ್ರೆಡ್ಡಿನ ವಿಷಯದಲ್ಲಿ ಒಮ್ಮೆಯೂ ಆ ಕೆಲಸ ಮಾಡಿರಲಿಲ್ಲ.

ಮೊದಲು ತಿಳಿದದ್ದು: ಬ್ರೆಡ್ಡು ಕೆಡುವುದು ಬೇರೆ, ಬಿರುಸಾಗುವುದು ಬೇರೆ. ನಾನು ಎರಡೂ ಒಂದೇ ಅಂದುಕೊಂಡಿದ್ದೆ. ಕೆಡಿಸುವುದು ಬೂಸ್ಟು. ಅದಕ್ಕೆ ಬೇಕಾದದ್ದು ತೇವ ಮತ್ತು ಬೆಚ್ಚನೆಯ ಗಾಳಿ, ಅಂದರೆ ನಮ್ಮ ಡೊಂಬಿವಲಿಯ ಜುಲೈ. ಮೇಲೆ ಕಾಣುವ ಹಸಿರು ಚುಕ್ಕೆ ಅದರ ಒಂದು ಭಾಗ ಮಾತ್ರ. ಮೆತ್ತನೆಯ ಬ್ರೆಡ್ಡಿನೊಳಗೆ ಕಣ್ಣಿಗೆ ಕಾಣದ ಎಳೆಗಳು ಆಗಲೇ ಇಳಿದಿರುತ್ತವೆ. ಹಾಗಾಗಿ ಕೆರೆದು ತಿನ್ನುವಂತಿಲ್ಲ. ಒಂದು ಸ್ಲೈಸಿಗೆ ಬಂದಿದ್ದರೂ ಇಡೀ ಪ್ಯಾಕೆಟ್ ಬಿಡಬೇಕು, ಮೂಗಿಗೆ ಹಿಡಿದು ಮೂಸಿಯೂ ನೋಡಬಾರದು.

ಇನ್ನು ಬಿರುಸು. ನೀರು ಆರಿ ಬ್ರೆಡ್ಡು ಗಟ್ಟಿಯಾಗುತ್ತದೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ನೀರು ಹೊರಹೋಗದಂತೆ ಮುಚ್ಚಿಟ್ಟರೂ ಬ್ರೆಡ್ಡು ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮೆತ್ತಗಾಗುತ್ತದೆ ಎಂದು ಬೂಸಾಂಗೋ ಎಂಬ ಫ್ರೆಂಚ್ ವಿಜ್ಞಾನಿ 1852ರಷ್ಟು ಹಿಂದೆಯೇ ತೋರಿಸಿದ್ದ. ಬೇಯುವಾಗ ನೀರು ಹೀರಿ ಉಬ್ಬಿದ ಪಿಷ್ಟ, ತಣಿದ ಮೇಲೆ ನಿಧಾನಕ್ಕೆ ಹರಳುಗಟ್ಟುತ್ತದೆ. ಈ ಕೆಲಸ ಅತಿ ಬೇಗ ನಡೆಯುವುದು ಫ್ರಿಜ್ಜಿನ ನಾಲ್ಕೈದು ಡಿಗ್ರಿಯ ತಂಪಿನಲ್ಲಿ! ಫ್ರಿಜ್ಜಿನಲ್ಲಿಟ್ಟರೆ ಬೂಸ್ಟು ತಡವಾಗುತ್ತದೆ ನಿಜ, ಆದರೆ ಬ್ರೆಡ್ಡು ಬೇಗ ಬಿರುಸಾಗುತ್ತದೆ. ಫ್ರೀಜರಿನ ಮೈನಸ್ 18ರಲ್ಲಿ ಎರಡೂ ಹೆಚ್ಚುಕಡಿಮೆ ನಿಂತೇ ಹೋಗುತ್ತವೆ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಮಳೆಗಾಲದಲ್ಲಿ ಒಂದೆರಡು ದಿನಕ್ಕೆ, ಬೇರೆ ದಿನಗಳಲ್ಲಿ ಎರಡು ಮೂರು ದಿನಕ್ಕೆ ಸಾಲುವಷ್ಟು ಮಾತ್ರ ಹೊರಗಿಡುತ್ತೇವೆ. ಅದೂ ಬಾಯಿ ಬಿಗಿದು, ಗ್ಯಾಸ್ ಒಲೆಯಿಂದ ದೂರ. ಫ್ರಿಜ್ಜಿನ ತಲೆಯ ಮೇಲೂ ಇಡುವುದಿಲ್ಲ, ಅಲ್ಲಿ ಬಿಸಿ ಜಾಸ್ತಿ. ಉಳಿದದ್ದನ್ನು ತಂದ ದಿನವೇ, ತಾಜಾ ಇರುವಾಗಲೇ ಫ್ರೀಜರಿಗೆ ಹಾಕುತ್ತೇವೆ. ಬಿರುಸಾದ ಮೇಲೆ ಹಾಕಿದರೆ ಬಿರುಸೇ ಉಳಿಯುತ್ತದೆ. ಲಾದಿ ಪಾವನ್ನು ಒಂದೊಂದಾಗಿ ಬಿಡಿಸಿ, ಗಾಳಿ ಒತ್ತಿ ತೆಗೆದು ಎರಡು ಚೀಲ ಸುತ್ತುತ್ತೇವೆ. ಬೆಳಿಗ್ಗೆ ಸೈಕಲ್ಲಿನ ಪಾವ್‌ವಾಲಾ ಕೊಡುವ ಪಾವು ಬಿಸಿ ಇದ್ದರೆ ಆರುವವರೆಗೆ ಕಟ್ಟುವುದಿಲ್ಲ, ಒಳಗಿನ ಹಬೆ ನೀರಾದರೆ ಬೂಸ್ಟಿಗೆ ಹಬ್ಬ. ಫ್ರೀಜರಿನಿಂದ ತೆಗೆದ ಸ್ಲೈಸು ನೇರ ಟೋಸ್ಟರಿಗೆ. ಪಾವಾದರೆ ತವಾದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ ಬಿಸಿ ಮಾಡುತ್ತೇವೆ. ತಿಂಗಳೊಳಗೆ ಮುಗಿಸಿಬಿಟ್ಟರೆ ರುಚಿಗೆ ಮೋಸವಿಲ್ಲ.

ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. ಪಿಷ್ಟ, ಹರಳು ಯಾವುದಕ್ಕೂ ಅವಳು ಬೆರಗಾಗಲಿಲ್ಲ. "ತಂಗಳ ರೊಟ್ಟಿಗೆ ನೀರ ಹಚ್ಚಿ ಹಂಚಿನ ಮ್ಯಾಲೆ ಹಾಕಿದ್ರ ಮೆತ್ತಗ ಆಕ್ಕಾವು. ಅದನ್ನ ಹೇಳಾಕ ಇಷ್ಟು ಮಾತ ಬೇಕೇನು?" ಎಂದಳು.

ಆದರೆ ಅವಳ ಲೆಕ್ಕವೂ ಇಲ್ಲಿ ಒಮ್ಮೆ ತಪ್ಪಿತ್ತು. ಊರಿನಿಂದ ತಂದ ಐವತ್ತು ಖಡಕ್ ಜೋಳದ ರೊಟ್ಟಿಗಳನ್ನು ಅಲ್ಲಿಯ ರೂಢಿಯಂತೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಿದ್ದಳು. ಊರಲ್ಲಾದರೆ ತಿಂಗಳುಗಟ್ಟಲೆ ಕಟಕಟ ಅನ್ನುವ ರೊಟ್ಟಿ, ಇಲ್ಲಿಯ ಮಳೆಗೆ ನಾಲ್ಕೇ ದಿನದಲ್ಲಿ ಮೆತ್ತಗಾಯಿತು. ಬ್ರೆಡ್ಡು ಉಳಿಯುವುದು ಒಳಗಿನ ನೀರು ಹೊರಹೋಗದಿದ್ದರೆ, ಖಡಕ್ ರೊಟ್ಟಿ ಉಳಿಯುವುದು ಹೊರಗಿನ ನೀರು ಒಳಬರದಿದ್ದರೆ. ಆ ರೊಟ್ಟಿಗಳನ್ನು ಇಬ್ಬರೂ ಕೂತು ಸಣ್ಣ ಉರಿಯಲ್ಲಿ ಮತ್ತೆ ಬಿಸಿ ಮಾಡಿ ಗರಿಗರಿ ಮಾಡಿದೆವು. ಚೆನ್ನಾಗಿ ಆರಿದ ಮೇಲೆ ಬಿಗಿ ಮುಚ್ಚಳದ ದೊಡ್ಡ ಡಬ್ಬಿಗೆ ತುಂಬಿದೆವು.

ಆವತ್ತು ರೊಟ್ಟಿ ತಿರುವಿ ಹಾಕುತ್ತ, ಕೂಗಾಡಿದ್ದು ತಪ್ಪಾಯಿತು ಎಂದೆ. "ಕದ್ದು ತಿಂದಿದ್ದು ನಂದೂ ತಪ್ಪ" ಎಂದಳು. ನಿಜವಾಗಿ ನನ್ನನ್ನು ಕೊರೆಯುತ್ತಿದ್ದುದು ಅದೇ. ಮಗನ ಮನೆಯಲ್ಲಿ ಅವ್ವ ಎರಡು ತುಂಡು ಬ್ರೆಡ್ಡನ್ನು ಸೀರೆಯ ಹಿಂದೆ ಬಚ್ಚಿಡುವಂತಾಗಿತ್ತು.

ಈಗ ವಾರಕ್ಕೆ ಒಂದೇ ಪ್ಯಾಕೆಟ್. ಫ್ರೀಜರಿನ ಉಸ್ತುವಾರಿ ಅವ್ವನದು. ಪಂಚಮಿಗೆ ಊರಿಗೆ ಹೋದವಳು ಮೊನ್ನೆ ಫೋನ್ ಮಾಡಿ ಮೊದಲು ಕೇಳಿದ್ದೇ, "ಈ ವಾರ ಎಷ್ಟು ಒಗದಿ?"

"ಎರಡು ಸ್ಲೈಸ್, ಯವ್ವಾ."

ಅರೆಕ್ಷಣ ಆ ಕಡೆ ಮಾತಿಲ್ಲ. "ಇರ್ಲಿ ಬಿಡು," ಎಂದಳು, "ನಾ ಬರೂತನಕ ನೋಡಿಕ್ಯಾಸ ತಗೊಂಬಾ."