ವಳಿವಡೆಯಿಂದ ಕಲಿತ ಪಾಠ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆಯಿತ್ತಾಗ, ಶಾಲೆಯ ಏಳಿಗೆಯ ಕಥೆಗಿಂತ ಮೊದಲು ನನಗೆ ನೆನಪಾದದ್ದು ನಾನು ಅರ್ಧಕ್ಕೆ ಬಿಟ್ಟ ಒಂದು ಪಾಠ.

ಎರಡನೆಯ ಮಹಾಯುದ್ಧದ ಅಧ್ಯಾಯವನ್ನು ಅನೇಕ ವರ್ಷ ಕಲಿಸಿದೆ. ಹಿಟ್ಲರನ ಆಡಳಿತವು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತೆಂದು ಫಲಕದ ಮೇಲೆ ಬರೆದು, ‘ಬಿಟ್ಟ ಸ್ಥಳ ತುಂಬಿರಿ’ಗೆ ಬರಬಹುದೆಂದು ಎಚ್ಚರಿಸುತ್ತಿದ್ದೆ. ಮಕ್ಕಳು ಅಂಕಿಯನ್ನು ತಪ್ಪದೆ ಬರೆಯುತ್ತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಕೊಲ್ಹಾಪುರದ ಬಳಿಯ ವಳಿವಡೆಯ ಸಂಗತಿ ತಿಳಿದದ್ದು ನಿವೃತ್ತಿಯ ಅನಂತರ. 1940-41ರಲ್ಲಿ ಸೋವಿಯತ್ ಆಡಳಿತವು ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯ, ಕಜಾಕಸ್ತಾನಗಳಿಗೆ ಗಡೀಪಾರು ಮಾಡಿತು. ಬದುಕುಳಿದವರಲ್ಲಿ ಸುಮಾರು 5000 ಮಂದಿ, ಬಹುಪಾಲು ಹೆಂಗಸರು ಮಕ್ಕಳು, 1943ರಿಂದ 1948ರವರೆಗೆ ವಳಿವಡೆಯ ಶಿಬಿರದಲ್ಲಿ ಆಶ್ರಯ ಪಡೆದರು. ಅಲ್ಲಿ ಅವರ ನುಡಿಯ ಶಾಲೆಗಳೂ ನಡೆದವು. ಗಡಿಯಂಚಿನಲ್ಲಿ ತಾಯ್ನುಡಿಯ ಶಾಲೆ ನಡೆಸಿದ ನಮಗೆ ಅದರ ಬೆಲೆ ಗೊತ್ತು.

2023ರ ಗಣರಾಜ್ಯೋತ್ಸವದ ಮರುದಿನ, ಜನವರಿ 27ರಂದು, ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. 1945ರಲ್ಲಿ ಆಶ್‌ವಿಟ್ಜ್ ಶಿಬಿರ ಬಿಡುಗಡೆಯಾದ ದಿನವದು. 2005ರಲ್ಲಿ ವಿಶ್ವಸಂಸ್ಥೆ ಅದನ್ನು ಸ್ಮರಣ ದಿನವೆಂದು ಸಾರಿತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: “ಗುರುಗಳೆ, ಇಷ್ಟೆಲ್ಲ ಗೊತ್ತಿದ್ದೂ ಉಕ್ರೇನ್‌ದಾಗ ಮತ್ಯಾಕ ಯುದ್ಧ? ಇದನ್ನ ಕಲ್ತು ಏನ್ ಬಂತು?”

ಉತ್ತರ ತೋಚದೆ ಕುಳಿತುಬಿಟ್ಟೆ. ಆ ಯುದ್ಧವನ್ನು ಆರಂಭಿಸಿದವರು ನಾತ್ಸಿಗಳನ್ನು ತೊಲಗಿಸುವ ಹೆಸರನ್ನೇ ಹೇಳಿದ್ದರು. 1941ರಲ್ಲಿ ಎರಡೇ ದಿನಗಳಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದ ಕೀವ್‌ನ ಬಾಬಿ ಯಾರ್ ಕಮರಿಯ ಸಮೀಪದಲ್ಲಿಯೇ 2022ರ ಮಾರ್ಚಿನಲ್ಲಿ ಕ್ಷಿಪಣಿ ಬಿದ್ದಿತ್ತು. ನೆನಪೂ ಆಯುಧವಾಗಬಲ್ಲದೆಂದು ನಾನು ಎಂದೂ ಕಲಿಸಿರಲಿಲ್ಲ.

ಮರುವಾರ ಹೋಗಿ ಆ ಹುಡುಗನಿಗೆ ಹೇಳಿದೆ: “ಕಲಿತರೆ ಯುದ್ಧ ನಿಲ್ಲುತ್ತದೆಂದು ಹೇಳಲಾರೆನಪ್ಪ. ಸತ್ತವರ ಹೆಸರು ಹಿಡಿದು ಮತ್ತೆ ಕೊಲ್ಲಲು ಕರೆಯುವವನು ಬಂದಾಗ, ಅವನನ್ನು ಗುರುತಿಸುವುದಕ್ಕಾದರೂ ಇದು ಬೇಕು.” ಅದೇ ವರ್ಷ ಅಕ್ಟೋಬರಿನಲ್ಲಿ ಇಸ್ರೇಲಿನಲ್ಲಿ, ಬಳಿಕ ಗಾಜಾದಲ್ಲಿ ಮಕ್ಕಳು ಸತ್ತಾಗ, ಆ ಮಾತು ನನ್ನನ್ನೇ ಪರೀಕ್ಷಿಸಿತು. ಎರಡೂ ಕಡೆಯ ಮಕ್ಕಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಮುದುಕನಾದ ನನಗೂ ಸುಲಭವಾಗಲಿಲ್ಲ.

ಕಿರಿಯ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಶಾಲಾ ಪ್ರವಾಸ ಕೊಲ್ಹಾಪುರಕ್ಕೆ ಹೋದಾಗ, ಮಹಾಲಕ್ಷ್ಮಿಯ ದರ್ಶನವಾದ ಮೇಲೆ ಮಕ್ಕಳನ್ನು ವಳಿವಡೆಗೂ ಕರೆದೊಯ್ಯಿರಿ. ಅಂಕಿಯನ್ನು ಆಮೇಲೆ ಬರೆಸಿದರಾಯಿತು. ಶಾಲೆಯು ನೂರು ವರ್ಷ ಬಾಳಲಿ.